ಒಂದೇ ರೋಗಿ, ಮೂರು ವರದಿ: ಯಾವುದನ್ನು ನಂಬುವುದು?

ಓದುಗರ ಪ್ರಶ್ನೆ, ವೈದ್ಯರ ಉತ್ತರ
ಈ ಸಂಚಿಕೆಯಲ್ಲಿ: ಶ್ವಾಸಕೋಶದ ಕ್ಯಾನ್ಸರ್ ಮತ್ತು ಜೀವಕೋಶ ಪರೀಕ್ಷೆ
ಉತ್ತರಿಸಿದವರು: ಮೆಡಿಕಲ್ ಕಾಲೇಜಿನಲ್ಲಿ ಸೈಟಾಲಜಿ (ಜೀವಕೋಶ ಪರೀಕ್ಷೆ) ಕಲಿಸಿ, ಈಗ ಮಡಿಕೇರಿಯಲ್ಲಿ ನೆಲೆಸಿರುವ ಪೆಥಾಲಜಿಸ್ಟ್

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮಪ್ಪನಿಗೆ 66 ವರ್ಷ. ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು, ಬೀಡಿ ಅಭ್ಯಾಸ ಮೊದಲಿನಿಂದಲೂ ಇತ್ತು. ಹುತ್ತರಿ ಕಳೆದ ಮೇಲೆ ಹಿಡಿದ ಕೆಮ್ಮು ಬಿಡಲೇ ಇಲ್ಲ. ಟಿಬಿ ಇರಬಹುದೆಂದು ಕಫ ಪರೀಕ್ಷೆ ಮಾಡಿಸಿದೆವು, ಇಲ್ಲವೆಂದು ಬಂತು. ಕಫದಲ್ಲಿ ಕ್ಯಾನ್ಸರ್ ಕೋಶಗಳೂ ಕಂಡಿಲ್ಲ ಎಂದು ಬರೆದಿದ್ದರು. ಆಮೇಲೆ ಮೈಸೂರಿನಲ್ಲಿ ಬ್ರಾಂಕೋಸ್ಕೋಪಿ (ಕೊಳವೆ ಇಳಿಸಿ ಶ್ವಾಸನಾಳ ನೋಡುವುದು) ಆಯಿತು. ಆ ವರದಿಯಲ್ಲಿ ಮೂರು ಬಗೆಯಾಗಿ ಬರೆದಿದ್ದಾರೆ. ಬ್ರಷ್ ಸ್ಮಿಯರ್: ಕ್ಯಾನ್ಸರ್ ಸಂಶಯ. ತೊಳೆದ ನೀರು, ಎಲ್‌ಬಿಸಿ: ಅಟಿಪಿಕಲ್ ಕೋಶಗಳು. ಗ್ರಂಥಿಯ ಸೂಜಿ ಪರೀಕ್ಷೆ, ಸೆಲ್ ಬ್ಲಾಕ್: ಅಡಿನೋಕಾರ್ಸಿನೋಮಾ. ಒಂದೇ ದಿನ, ಒಬ್ಬರೇ ರೋಗಿ, ಮೂರು ಉತ್ತರ! ಲ್ಯಾಬಿನವರದ್ದೇ ತಪ್ಪು, ಬೆಂಗಳೂರಿಗೆ ಹೋಗಿ ಎಲ್ಲಾ ಮೊದಲಿಂದ ಮಾಡಿಸಿ ಎನ್ನುತ್ತಾರೆ ಚಿಕ್ಕಪ್ಪ. ಏನು ಮಾಡುವುದು?
– ಹೆಸರು ಬೇಡ, ನಾಪೋಕ್ಲು

ಉತ್ತರ: ನಿಮ್ಮ ಚಿಕ್ಕಪ್ಪನ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಎಲ್ಲವನ್ನೂ ಮೊದಲಿಂದ ಮಾಡಿಸಲು ಹೊರಡಬೇಡಿ. ಆ ಮೂರು ಸಾಲು ಒಂದನ್ನೊಂದು ಸುಳ್ಳು ಮಾಡುತ್ತಿಲ್ಲ. ಒಂದರ ಕೈ ನಿಂತಲ್ಲಿಂದ ಇನ್ನೊಂದು ಮುಂದೆ ಹೋಗಿದೆ, ಅಷ್ಟೇ. ಸ್ಮಿಯರ್, ಎಲ್‌ಬಿಸಿ (ಲಿಕ್ವಿಡ್ ಬೇಸ್ಡ್ ಸೈಟಾಲಜಿ), ಸೆಲ್ ಬ್ಲಾಕ್ ಎಂಬವು ಕೋಶಗಳನ್ನು ನೋಡಲು ತಯಾರಿಸುವ ಮೂರು ವಿಧಾನಗಳು. ಅಟಿಪಿಕಲ್ ಎಂದರೆ ಮಾಮೂಲಿಗಿಂತ ಬೇರೆಯಾಗಿ ಕಾಣುವ ಕೋಶಗಳು, ಅಡಿನೋಕಾರ್ಸಿನೋಮಾ ಎಂದರೆ ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ.

ಮೊದಲು ಇದನ್ನು ಗಮನಿಸಿ: ಆ ಮೂರೂ ಒಂದೇ ಜಾಗದ ಮಾದರಿಗಳಲ್ಲ. ಬ್ರಷ್‌ನಿಂದ ಉಜ್ಜಿ ತೆಗೆದದ್ದು ಶ್ವಾಸನಾಳದ ಒಳಗೋಡೆಯಿಂದ. ತೊಳೆದ ನೀರು ಎಂದರೆ ಲವಣದ ನೀರು ಬಿಟ್ಟು ಮತ್ತೆ ಎಳೆದುಕೊಂಡದ್ದು. ಅದರಲ್ಲಿ ಕೋಶಗಳು ಚದುರಿರುತ್ತವೆ, ಉರಿಯೂತದ ಕೋಶಗಳೂ ಲೋಳೆಯೂ ಬೆರೆತಿರುತ್ತವೆ. ಸೂಜಿ ಹೋದದ್ದು ಶ್ವಾಸನಾಳದ ಪಕ್ಕದ ದುಗ್ಧಗ್ರಂಥಿಯೊಳಗೆ, ಗಡ್ಡೆ ಹರಡಿ ಕೂತಿದ್ದ ಜಾಗಕ್ಕೇ. ಅಲ್ಲಿ ಕೋಶಗಳು ಹೇರಳವಾಗಿ ಸಿಕ್ಕಿವೆ. ಈ ವಿಧಾನಗಳಲ್ಲಿ ಯಾವುದು ಮೇಲು ಎಂದು ನ್ಯಾಯವಾಗಿ ನೋಡಬೇಕಾದರೆ ಒಂದೇ ಮಾದರಿಯನ್ನು ಭಾಗ ಮಾಡಿ ಮೂರೂ ರೀತಿಯಲ್ಲಿ ತಯಾರಿಸಬೇಕು. ನಿಮ್ಮ ತಂದೆಯ ವರದಿಯನ್ನು ಹಾಗೆ ತಾಳೆ ನೋಡುವಂತಿಲ್ಲ.

ಇನ್ನು ತಯಾರಿಕೆಗೆ ಬರೋಣ. ಸ್ಮಿಯರ್ ಎಲ್ಲಕ್ಕಿಂತ ಹಳೆಯದು, ಅಗ್ಗದ್ದು, ಬೇಗ ಆಗುವಂಥದ್ದು. ಮಾದರಿಯ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಕೆಲವನ್ನು ತಕ್ಷಣ 95 ಶೇಕಡಾ ಆಲ್ಕೋಹಾಲಿನಲ್ಲಿ ಮುಳುಗಿಸುತ್ತೇವೆ. ಇವಕ್ಕೆ ಪ್ಯಾಪ್ ಬಣ್ಣ. ಕೆಲವನ್ನು ಗಾಳಿಯಲ್ಲಿ ಒಣಗಿಸುತ್ತೇವೆ. ಇವಕ್ಕೆ ಜೀಮ್ಸಾ ಬಣ್ಣ. ಪ್ಯಾಪ್‌ನಲ್ಲಿ ಕೋಶಕೇಂದ್ರದ ಒಳಗಿನ ಹರಳುಗಳೂ ಅಂಚೂ ಸ್ಪಷ್ಟ. ಜೀಮ್ಸಾದಲ್ಲಿ ಕೋಶರಸ, ಸುತ್ತಲಿನ ಲೋಳೆ, ಕೋಶಗಳ ಗಾತ್ರ ಚೆನ್ನಾಗಿ ಕಾಣುತ್ತದೆ. ಬ್ರಾಂಕೋಸ್ಕೋಪಿ ಕೋಣೆಯ ಪಕ್ಕದಲ್ಲೇ ಕೂತು ನಿಮಿಷಗಳಲ್ಲಿ ಬಣ್ಣ ಹಾಕಿ, ‘ಸಾಕಷ್ಟು ಸಿಕ್ಕಿದೆ’ ಅಥವಾ ‘ಇನ್ನೊಮ್ಮೆ ಸೂಜಿ ಹಾಕಿ’ ಎಂದು ಹೇಳಲು ಸ್ಮಿಯರ್ ಬಿಟ್ಟರೆ ಗತಿಯಿಲ್ಲ. ತೊಂದರೆ ಎಲ್ಲಿ ಎಂದರೆ, ದಪ್ಪವಾಗಿ ಎಳೆದರೆ, ರಕ್ತ ಬೆರೆತರೆ, ಆಲ್ಕೋಹಾಲಿಗೆ ಹಾಕುವುದು ಕೆಲವು ಕ್ಷಣ ತಡವಾದರೆ ಕೋಶಗಳು ಉಬ್ಬಿ ಮಸುಕಾಗುತ್ತವೆ. ಆಗ ಎಚ್ಚರದ ಪೆಥಾಲಜಿಸ್ಟ್ ‘ಸಂಶಯ’ ಎಂದೇ ಬರೆಯುತ್ತಾರೆ. ಹಾಗೆ ಬರೆದವರ ಮೇಲೆ ನನಗೆ ಗೌರವ ಹೆಚ್ಚು.

ಎಲ್‌ಬಿಸಿಯಲ್ಲಿ ಮಾದರಿಯನ್ನು ಹರಡುವುದಿಲ್ಲ, ನೇರವಾಗಿ ಸಂರಕ್ಷಕ ದ್ರವದ ಪುಟ್ಟ ಶೀಶೆಗೆ ಹಾಕುತ್ತಾರೆ. ಥಿನ್‌ಪ್ರೆಪ್ ಎಂಬ ಪದ್ಧತಿಯದ್ದು ಮೆಥನಾಲ್ ಆಧಾರಿತ ದ್ರವ, ಶ್ಯೂರ್‌ಪಾಥ್ ಎಂಬ ಪದ್ಧತಿಯದ್ದು ಎಥನಾಲ್. ಮೊದಲನೆಯದು ಕೋಶಗಳನ್ನು ಸೋಸುಪೊರೆಯ ಮೇಲೆ ಹಿಡಿದು ಸ್ಲೈಡಿಗೆ ಒತ್ತುತ್ತದೆ. ಎರಡನೆಯದು ಸಾಂದ್ರತೆಯ ಆಧಾರದ ಮೇಲೆ ಕಸ ಬೇರ್ಪಡಿಸಿ, ಕೋಶಗಳು ತಾವಾಗಿ ಸ್ಲೈಡಿನ ಮೇಲೆ ಇಳಿಯುವಂತೆ ಮಾಡುತ್ತದೆ. ಇಡೀ ಸ್ಲೈಡ್ ಹುಡುಕುವ ಬದಲು ಒಂದು ಸಣ್ಣ ವೃತ್ತ ನೋಡಿದರೆ ಸಾಕು. ಥಿನ್‌ಪ್ರೆಪ್‌ನ ವೃತ್ತ 20 ಮಿ.ಮೀ., ಶ್ಯೂರ್‌ಪಾಥ್‌ನದ್ದು 13 ಮಿ.ಮೀ. ರಕ್ತ, ಲೋಳೆ ಕಡಿಮೆ, ಕೋಶಗಳು ಒದ್ದೆಯಾಗಿದ್ದಾಗಲೇ ಹಿಡಿದಿಟ್ಟಿರುವುದರಿಂದ ಒಣಗಿ ಕೆಡುವ ಮಾತಿಲ್ಲ. ಶೀಶೆಯಲ್ಲಿ ಉಳಿದದ್ದು ಮುಂದಿನ ಪರೀಕ್ಷೆಗೂ ಬರುತ್ತದೆ. ಆದರೆ ಹಿನ್ನೆಲೆಯನ್ನೇ ತೊಳೆದುಬಿಟ್ಟಾಗ ಹಿನ್ನೆಲೆ ಹೇಳುತ್ತಿದ್ದ ಕಥೆಯೂ ಹೋಗುತ್ತದೆ. ಸ್ಮಾಲ್ ಸೆಲ್ ಎಂಬ ಬಗೆಯ ಕ್ಯಾನ್ಸರಿನಲ್ಲಿ ಕೋಶಕೇಂದ್ರಗಳು ಜಜ್ಜಿ ನೂಲಿನಂತೆ ಎಳೆದುಕೊಂಡಿರುವುದು ಸ್ಮಿಯರ್ ನೋಡಿದವರ ಕಣ್ಣಿಗೆ ಪಕ್ಕನೆ ಬೀಳುವ ಗುರುತು. ಎಲ್‌ಬಿಸಿಯಲ್ಲಿ ಅದು ಬಹಳ ಕಡಿಮೆ. ಕೋಶಗಳೂ ಸ್ವಲ್ಪ ಕುಗ್ಗಿ ಕಾಣುತ್ತವೆ. ಅದಕ್ಕೆ ಕಣ್ಣನ್ನು ಹೊಸದಾಗಿ ಪಳಗಿಸಬೇಕು. ಶೀಶೆ ಮತ್ತು ಯಂತ್ರದ ಖರ್ಚು ಬೇರೆ.

ನನ್ನ ಮನಸ್ಸು ಹೆಚ್ಚು ಒಲಿಯುವುದು ಸೆಲ್ ಬ್ಲಾಕಿನ ಕಡೆಗೆ. ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ತಳದಲ್ಲಿ ಕೂರುವ ಗಸಿ ಇದೆಯಲ್ಲ, ಅದೇ ಇದರ ಮೂಲ. ರಕ್ತನಿಧಿಯಿಂದ ತಂದ ಪ್ಲಾಸ್ಮಾದ ಕೆಲವು ಹನಿ, ಜೊತೆಗೆ ಥ್ರಾಂಬಿನ್ ಅಥವಾ ಥ್ರಾಂಬೋಪ್ಲಾಸ್ಟಿನ್ ಹಾಕಿದರೆ ಗಸಿ ನೋಡುನೋಡುತ್ತಿದ್ದಂತೆ ಹೆಪ್ಪುಗಟ್ಟಿ, ಮೆತ್ತನೆಯ ಒಂದು ಗುಂಡಿಯಾಗುತ್ತದೆ. ಅಗಾರ್ ಬಳಸಿ ಗಟ್ಟಿ ಮಾಡುವವರೂ ಇದ್ದಾರೆ. ಆ ಗುಂಡಿಯನ್ನು ಸೋಸುಕಾಗದದಲ್ಲಿ ಮಡಚಿ, ಫಾರ್ಮಾಲಿನ್‌ನಲ್ಲಿಟ್ಟು, ಬಯಾಪ್ಸಿಯ ತುಂಡಿನಂತೆಯೇ ಪ್ಯಾರಾಫಿನ್ ಮೇಣದಲ್ಲಿ ಕೂರಿಸುತ್ತಾರೆ. ಆಮೇಲೆ ಮೈಕ್ರೋಟೋಮಿನಲ್ಲಿ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರಗಳನ್ನು ಒಂದರ ಹಿಂದೊಂದು ಕೊಯ್ಯಬಹುದು. ಒಂದು ಪದರಕ್ಕೆ ಮಾಮೂಲಿ ಬಣ್ಣ, ಇನ್ನೊಂದಕ್ಕೆ ಟಿಟಿಎಫ್-1 ಎಂಬ ಪ್ರೋಟೀನನ್ನು ಗುರುತಿಸುವ ಬಣ್ಣ, ಮತ್ತೊಂದಕ್ಕೆ ಪಿ40 ಎಂಬುದರದ್ದು. ಟಿಟಿಎಫ್-1 ಹಿಡಿದರೆ ಶ್ವಾಸಕೋಶದ ಅಡಿನೋಕಾರ್ಸಿನೋಮಾದ ಕಡೆಗೆ, ಪಿ40 ಹಿಡಿದರೆ ಸ್ಕ್ವೇಮಸ್ ಎಂಬ ಇನ್ನೊಂದು ಬಗೆಯ ಕಡೆಗೆ. ಉಳಿದ ಬ್ಲಾಕ್ ವರ್ಷಗಟ್ಟಲೆ ಕಪಾಟಿನಲ್ಲಿ ಕೆಡದೆ ಇರುತ್ತದೆ. ನಿಮ್ಮ ತಂದೆಯ ವರದಿಯಲ್ಲಿ ಗಟ್ಟಿ ಉತ್ತರ ಅಲ್ಲಿಂದ ಬಂದಿರುವುದು ಈ ಕಾರಣಕ್ಕೆ. ಗಸಿಯಲ್ಲಿ ಕೋಶಗಳೇ ಇಲ್ಲದಿದ್ದರೆ ಮಾತ್ರ ಬ್ಲಾಕ್ ಖಾಲಿ ಹೊಡೆಯುತ್ತದೆ. ಆಗ ಅದೇ ಹನಿಯಿಂದ ಎಳೆದ ಸ್ಮಿಯರ್ ನಮ್ಮನ್ನು ಕಾಪಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶ್ವಾಸಕೋಶದ ಸೈಟಾಲಜಿ ವರದಿಗೆ ಐದು ಮೆಟ್ಟಿಲು ಗೊತ್ತು ಮಾಡಿದೆ: ಮಾದರಿ ಸಾಲದು, ಹಾನಿಕರವಲ್ಲ, ಅಟಿಪಿಕಲ್, ಸಂಶಯ, ಕ್ಯಾನ್ಸರ್. ನಿಮ್ಮ ವರದಿಯಲ್ಲಿರುವುದು ಕೊನೆಯ ಮೂರು. ಅಟಿಪಿಕಲ್ ಎಂದರೆ ಕ್ಯಾನ್ಸರ್ ಇಲ್ಲ ಎಂದು ಅರ್ಥವಲ್ಲ. ಆ ಸ್ಲೈಡಿನಲ್ಲಿ ಸಿಕ್ಕಷ್ಟರಿಂದ ಅದಕ್ಕಿಂತ ಹೆಚ್ಚು ಹೇಳಲಾಗದು ಎಂದು ಅರ್ಥ.

ಕಫದ ಪರೀಕ್ಷೆ ಏಕೆ ಹಿಡಿಯಲಿಲ್ಲ ಎಂಬ ಪ್ರಶ್ನೆಯೂ ನಿಮ್ಮ ಮನಸ್ಸಿನಲ್ಲಿರಬಹುದು. ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಕಫದ ಸೈಟಾಲಜಿ ಸುಮಾರು 66 ಶೇಕಡಾ ಕ್ಯಾನ್ಸರ್‌ಗಳನ್ನು ಮಾತ್ರ ಹಿಡಿಯುತ್ತದೆ. ಗಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದರೆ ಅದು 49ಕ್ಕೆ ಇಳಿಯುತ್ತದೆ. ಅಡಿನೋಕಾರ್ಸಿನೋಮಾ ಹೆಚ್ಚಾಗಿ ಹುಟ್ಟುವುದು ಅಂಚಿನಲ್ಲೇ. ಕಫದಲ್ಲಿ ಕಂಡರೆ ನಂಬಬಹುದು, ಕಾಣದಿದ್ದರೆ ನಿಶ್ಚಿಂತೆಯಿಂದ ಇರುವಂತಿಲ್ಲ. ಕೆಮ್ಮು ನಿಲ್ಲದಿದ್ದಾಗ ನೀವು ಮೈಸೂರಿಗೆ ಕರೆದುಕೊಂಡು ಹೋದದ್ದು ಬಹಳ ಒಳ್ಳೆಯ ಕೆಲಸ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ನಿಮ್ಮ ವೈದ್ಯರನ್ನು ಇಷ್ಟು ಕೇಳಿ: ‘ಬ್ಲಾಕಿನಲ್ಲಿ ಇನ್ನೆಷ್ಟು ಉಳಿದಿದೆ? ಇಜಿಎಫ್‌ಆರ್, ಎಎಲ್‌ಕೆ, ರಾಸ್-1, ಪಿಡಿ-ಎಲ್1 ಪರೀಕ್ಷೆಗೆ ಸಾಕಾಗುತ್ತದೆಯೇ?’ ಯಾವ ಔಷಧಿ ಹೊಂದುತ್ತದೆ ಎಂದು ತಿಳಿಯಲು ಮಾಡುವ ಪರೀಕ್ಷೆಗಳು ಇವು. ಭಾರತದ ಅಡಿನೋಕಾರ್ಸಿನೋಮಾ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಜೀನಿನ ಬದಲಾವಣೆ ಇರುತ್ತದೆ. ಇದ್ದರೆ ಕೀಮೋ ಬದಲು ಗೆಫಿಟಿನಿಬ್, ಓಸಿಮರ್ಟಿನಿಬ್‌ನಂಥ ಮಾತ್ರೆಯಿಂದಲೇ ಚಿಕಿತ್ಸೆ ಶುರುವಾಗಬಹುದು. ಬೀಡಿ ಸೇದಿದವರಿಗೆ ಇದು ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸೇದದವರಲ್ಲಿ ಹೆಚ್ಚು, ಸೇದಿದವರಲ್ಲಿ ಕಡಿಮೆ, ಆದರೆ ಇದ್ದೇ ಇದೆ. ಪಿಡಿ-ಎಲ್1 ಓದಲು ಕನಿಷ್ಠ ನೂರು ಕ್ಯಾನ್ಸರ್ ಕೋಶಗಳಾದರೂ ಪದರದಲ್ಲಿ ಬೇಕು. ಹಾಗಾಗಿ ಇರುವ ಬ್ಲಾಕನ್ನು ಬೇಡದ ಬಣ್ಣಗಳಿಗೆ ಕೊಯ್ದು ಮುಗಿಸಬಾರದು. ಬ್ಲಾಕಿನಲ್ಲಿ ಸಾಲದಿದ್ದರೆ ಬಣ್ಣ ಹಾಕಿದ ಸ್ಮಿಯರ್‌ನಿಂದಲೂ ಡಿಎನ್‌ಎ ತೆಗೆಯಬಹುದು. ಈ ಜೀನ್ ಪರೀಕ್ಷೆಗಳಿಗೆ 2013ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಮಿಯರ್‌ಗಿಂತ ಸೆಲ್ ಬ್ಲಾಕ್ ಲೇಸು ಎಂದಿತ್ತು. 2018ರ ಪರಿಷ್ಕರಣೆ ಎರಡೂ ಆಗಬಹುದು ಎಂದಿತು.

ಬೆಂಗಳೂರಿನ ಕಿದ್ವಾಯಿಯಲ್ಲೋ ಬೇರೆಲ್ಲೋ ಎರಡನೇ ಅಭಿಪ್ರಾಯ ಬೇಕೆನಿಸಿದರೆ ಖಂಡಿತ ಪಡೆಯಿರಿ. ಅದಕ್ಕೆ ಅಪ್ಪನನ್ನು ಮತ್ತೆ ಚುಚ್ಚಿಸಬೇಕಿಲ್ಲ, ಸ್ಲೈಡುಗಳನ್ನೂ ಬ್ಲಾಕನ್ನೂ ಕೇಳಿ ಪಡೆದು ಒಯ್ದರೆ ಆಯಿತು. ಬ್ಲಾಕ್ ಎಂದರೆ ಹೆಬ್ಬೆರಳಗಲದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂತ ಮೇಣದ ಬಿಲ್ಲೆ, ಅಂಚಿನಲ್ಲಿ ನಂಬರ್ ಬರೆದಿರುತ್ತದೆ. ಆ ನಂಬರ್ ವರದಿಯ ನಂಬರಿಗೆ ಹೊಂದುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಆ ಮೇಣ 56 ಡಿಗ್ರಿಯ ಆಸುಪಾಸಿನಲ್ಲಿ ಕರಗುವಂಥದ್ದು, ಆದ್ದರಿಂದ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಕೈಚೀಲದಲ್ಲಿರಲಿ.

ಪ್ರಶ್ನೆ: ಮೇಡಂ, ನಾನು ಸಣ್ಣ ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಎದೆಯಲ್ಲಿ ನೀರು ತುಂಬಿದವರಿಗೆ ಇಲ್ಲಿ ನೀರು ತೆಗೆಯುತ್ತಾರೆ, ಕ್ಯಾನ್ಸರ್ ಸಂಶಯವಿದ್ದರೆ ಮೈಸೂರಿಗೆ ಕಳಿಸುತ್ತೇವೆ. ನಮ್ಮಲ್ಲಿ ಎಲ್‌ಬಿಸಿ ಯಂತ್ರವಿಲ್ಲ. ಕೆಲವರು ಫಾರ್ಮಾಲಿನ್ ಹಾಕಿ ಕಳಿಸಿ ಎನ್ನುತ್ತಾರೆ, ಕೆಲವರು ಸ್ಪಿರಿಟ್ ಎನ್ನುತ್ತಾರೆ. ಕಕ್ಕಡದ ಮಳೆಯಲ್ಲಿ ನಾವು ಮಾಡಿದ ಜೀಮ್ಸಾ ಸ್ಲೈಡುಗಳು ಸರಿ ಬರುವುದೇ ಇಲ್ಲ. ಯಂತ್ರವಿಲ್ಲದೆ ಒಳ್ಳೆಯ ಮಾದರಿ ಕಳಿಸಲು ಸಾಧ್ಯವೇ?
– ಲ್ಯಾಬ್ ಟೆಕ್ನಿಷಿಯನ್, ಸೋಮವಾರಪೇಟೆ

ಉತ್ತರ: ಸಾಧ್ಯ. ನಿಮ್ಮ ಪ್ರಶ್ನೆ ಓದಿ ನನಗೆ ತುಂಬಾ ಸಂತೋಷವಾಯಿತು. ರೋಗಿಯ ಹಣೆಬರಹ ಎಷ್ಟೋ ಸಲ ನಿಮ್ಮ ಮೇಜಿನ ಮೇಲೇ ತೀರ್ಮಾನವಾಗುತ್ತದೆ.

ಎದೆಯ ನೀರು ತಾಜಾ ಆಗಿಯೇ ಹೋಗಲಿ, ಏನನ್ನೂ ಬೆರೆಸಬೇಡಿ. ಆ ನೀರಿನಲ್ಲಿರುವ ಪ್ರೋಟೀನೇ ಕೋಶಗಳನ್ನು ಕಾಯುತ್ತದೆ. ಇಡೀ ಬಾಟಲಿಗೆ ಫಾರ್ಮಾಲಿನ್ ಸುರಿದರೆ ಕೋಶಗಳು ಗಟ್ಟಿಯಾಗಿ ಸ್ಲೈಡಿಗೆ ಅಂಟುವುದಿಲ್ಲ, ಪ್ಯಾಪ್ ಬಣ್ಣವೂ ಹಾಳು. ಸ್ಪಿರಿಟ್ ಸುರಿದರೆ ಪ್ರೋಟೀನ್ ಮೊಸರಿನಂತೆ ಒಡೆದು ಕೋಶಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ, ಜೀಮ್ಸಾ ಮಾಡುವ ದಾರಿಯೂ ಮುಚ್ಚುತ್ತದೆ. ಸ್ವಚ್ಛವಾದ ಒಣ ಬಾಟಲಿ, ಮುಚ್ಚಳ ಬಿಗಿ, ಬಾಟಲಿಯ ಮೈಮೇಲೆ ಹೆಸರು (ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಬದಲಾದಾಗ ರೋಗಿಯೇ ಬದಲಾದಂತೆ), ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಸುಮಾರು 4 ಡಿಗ್ರಿ. ಹೀಗಿಟ್ಟರೆ ಎರಡು ಮೂರು ದಿನ ಚಿಂತೆಯಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಬೆಳಗಿನ ಬಸ್ಸಿಗೆ ಕೊಟ್ಟರೆ ಮಧ್ಯಾಹ್ನದೊಳಗೆ ತಲುಪುತ್ತದೆ. ಐಸ್ ಪ್ಯಾಕ್ ಜೊತೆಗಿಡಿ, ಬಾಟಲಿಗೆ ನೇರ ತಾಗದಂತೆ ನಡುವೆ ಬಟ್ಟೆ ಸುತ್ತಿ. ಫ್ರೀಜರಿಗೆ ಮಾತ್ರ ಯಾವ ಕಾರಣಕ್ಕೂ ಬೇಡ, ಹೆಪ್ಪುಗಟ್ಟಿದರೆ ಕೋಶಗಳು ಒಡೆದು ಹೋಗುತ್ತವೆ.

ಎಷ್ಟು ಕಳಿಸಬೇಕು? 50 ಮಿ.ಲೀ. ಆದರೂ ಇರಲಿ, ಹೆಚ್ಚಿದ್ದರೆ ಸೆಲ್ ಬ್ಲಾಕಿಗೆ ಇನ್ನೂ ಒಳ್ಳೆಯದು. ಒಂದೂವರೆ ಲೀಟರ್ ತೆಗೆದು, ಬಯೋಕೆಮಿಸ್ಟ್ರಿಗೆ ಸ್ವಲ್ಪ, ಸೈಟಾಲಜಿಗೆ ಐದು ಮಿ.ಲೀ. ಕೊಟ್ಟು ಉಳಿದದ್ದನ್ನು ಚೆಲ್ಲುವ ಪದ್ಧತಿ ಹಲವು ಕಡೆ ಇದೆ. ನೋಡಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಚರಂಡಿಗೆ ಹೋಗುವ ಆ ನೀರಿನಲ್ಲೇ ರೋಗಿಯ ಉತ್ತರ ಇರುತ್ತದೆ.

ರಕ್ತ ಬೆರೆತ ನೀರಾದರೆ ಮಾತ್ರ, ಹೆಪ್ಪುಗಟ್ಟದಂತೆ ತೆಗೆದ ಕೂಡಲೇ ಹೆಪಾರಿನ್ ಅಥವಾ ಇಡಿಟಿಎ ಹಾಕಿ. ಆದರೂ ಹೆಪ್ಪುಗಟ್ಟಿತೇ? ಆ ಹೆಪ್ಪನ್ನು ಕಡ್ಡಿಯಿಂದ ಎತ್ತಿ ಬಿಸಾಡಬೇಡಿ! ಕ್ಯಾನ್ಸರ್ ಕೋಶಗಳು ಹೆಚ್ಚಾಗಿ ಸಿಕ್ಕಿಬೀಳುವುದು ಅದರೊಳಗೆ. ಹೆಪ್ಪನ್ನು ಮಾತ್ರ ಬೇರೆ ತೆಗೆದು, ಹತ್ತು ಶೇಕಡಾ ಬಫರ್ಡ್ ಫಾರ್ಮಾಲಿನ್‌ಗೆ ಹಾಕಿ, ‘ಸೆಲ್ ಬ್ಲಾಕ್‌ಗೆ’ ಎಂದು ಚೀಟಿ ಅಂಟಿಸಿ ಕಳಿಸಿ. ಫಾರ್ಮಾಲಿನ್‌ಗೆ ಜಾಗವಿರುವುದು ಇಲ್ಲಿ. ಪ್ಲಾಸ್ಮಾ, ಥ್ರಾಂಬಿನ್ ಯಾವುದೂ ಬೇಡದೆ ಪ್ರಕೃತಿಯೇ ಮಾಡಿಕೊಟ್ಟ ಬ್ಲಾಕ್ ಅದು.

ಮಳೆಗಾಲದ ಜೀಮ್ಸಾ ಸಮಸ್ಯೆ ನಮ್ಮ ಕೊಡಗಿನದ್ದೇ ಸಮಸ್ಯೆ. ಗಾಳಿಯಲ್ಲಿ ಒಣಗಿಸುವುದು ಎಂದರೆ ಬೇಗ ಒಣಗಿಸುವುದು. ಗೋಡೆಯೇ ಬೆವರುವ ಜುಲೈ ತಿಂಗಳಲ್ಲಿ ಸ್ಲೈಡನ್ನು ಸುಮ್ಮನೆ ಟ್ರೇಯಲ್ಲಿ ಬಿಟ್ಟರೆ ನಿಧಾನವಾಗಿ ಒಣಗುತ್ತಾ ಕೋಶಗಳು ಕುಗ್ಗುತ್ತವೆ, ಕೋಶಕೇಂದ್ರ ಕಪ್ಪು ಚುಕ್ಕೆಯಂತಾಗುತ್ತದೆ. ಆರೋಗ್ಯವಂತ ಕೋಶವೂ ಭಯ ಹುಟ್ಟಿಸುವಂತೆ ಕಾಣುತ್ತದೆ. ತೆಳುವಾಗಿ ಎಳೆಯಿರಿ. ಫ್ಯಾನಿನ ಎದುರು ಹಿಡಿದು ಬೀಸಿ, ಅಥವಾ ಹೇರ್ ಡ್ರೈಯರಿನ ತಣ್ಣನೆ ಗಾಳಿ ಕೊಡಿ. ಬಿಸಿ ಗಾಳಿ ಬೇಡ. ಒಣಗಿದ ಕೂಡಲೇ ಮೆಥನಾಲಿನಲ್ಲಿ ಅದ್ದಿ, ಆಮೇಲೆ ಪೆಟ್ಟಿಗೆ ಸೇರಲಿ. ಪ್ಯಾಪ್‌ಗೆ ಇಡುವ ಸ್ಲೈಡಿನದ್ದು ಇದಕ್ಕೆ ಪೂರ್ತಿ ವಿರುದ್ಧ, ಅದು ಒಣಗಲೇಬಾರದು. ಕಾಪ್ಲಿನ್ ಜಾರಿನ ಮುಚ್ಚಳ ಮೊದಲೇ ತೆರೆದಿಟ್ಟುಕೊಂಡು, ಎಳೆದ ಕೈಯಲ್ಲೇ ಆಲ್ಕೋಹಾಲಿಗೆ ಇಳಿಸಿ. ಯಾವ ಸ್ಲೈಡ್ ಒಣಗಿಸಿದ್ದು, ಯಾವುದು ಅದ್ದಿದ್ದು ಎಂದು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ತೊಳೆದುಹೋಗುತ್ತದೆ.

ನಿಮ್ಮಲ್ಲಿ ಸೆಂಟ್ರಿಫ್ಯೂಜ್ ಇದ್ದೇ ಇರುತ್ತದೆ. ಗಸಿಯಿಂದ ಎರಡು ಪ್ಯಾಪ್, ಎರಡು ಜೀಮ್ಸಾ ಸ್ಲೈಡ್ ಮಾಡಿ, ಉಳಿದ ನೀರನ್ನೆಲ್ಲ ಹಾಗೇ ಕಳಿಸಿದರೆ ಯಂತ್ರವಿಲ್ಲವೆಂಬ ಕೊರಗು ಬೇಡ. ಎದೆಯ ನೀರಿಗೆ ಸ್ಮಿಯರ್ ಜೊತೆ ಸೆಲ್ ಬ್ಲಾಕ್ ಸೇರಿಸಿದರೆ ರೋಗ ಹಿಡಿಯುವ ಪ್ರಮಾಣ ಏರುತ್ತದೆ. ಇಲ್ಲಿ ಇನ್ನೊಂದು ತೊಡಕಿದೆ. ಎದೆಯ ಪೊರೆಯ ಸ್ವಂತ ಕೋಶಗಳು, ಅಂದರೆ ಮೆಸೋಥೀಲಿಯಲ್ ಕೋಶಗಳು, ಟಿಬಿಯಲ್ಲೂ ನ್ಯುಮೋನಿಯಾದಲ್ಲೂ ಊದಿಕೊಂಡು ಕ್ಯಾನ್ಸರಿನ ವೇಷ ಹಾಕಬಲ್ಲವು. ಸ್ಮಿಯರ್ ಒಂದರಿಂದ ಬಿಡಿಸಲಾಗದಾಗ ಬ್ಲಾಕಿನ ಪದರಕ್ಕೆ ಕ್ಯಾಲ್‌ರೆಟಿನಿನ್ ಎಂಬ ಗುರುತಿನ ಬಣ್ಣ ಹಾಕಿದರೆ ಈ ಮೆಸೋಥೀಲಿಯಲ್ ಕೋಶಗಳು ಅದನ್ನು ಹಿಡಿಯುತ್ತವೆ. ಕ್ಯಾನ್ಸರ್ ಕೋಶಗಳನ್ನು ಬೆರ್-ಇಪಿ4, ಕ್ಲಾಡಿನ್-4 ಬಣ್ಣಗಳು ತೋರಿಸಿಕೊಡುತ್ತವೆ.

ಮನವಿ ಚೀಟಿಯಲ್ಲಿ ‘ಪ್ಲೂರಲ್ ಫ್ಲೂಯಿಡ್ – ಸೈಟಾಲಜಿ’ ಎಂದಷ್ಟೇ ಬರೆಯಬೇಡಿ. ವಯಸ್ಸು, ಬೀಡಿ ಸಿಗರೇಟು, ಎಕ್ಸ್‌ರೇಯಲ್ಲಿ ಕಂಡದ್ದು, ಹಿಂದೆ ಟಿಬಿ ಅಥವಾ ಬೇರೆ ಕ್ಯಾನ್ಸರ್ ಆಗಿತ್ತೇ, ಇವಿಷ್ಟು ಇದ್ದರೆ ಅಲ್ಲಿ ಕೂತವರಿಗೆ ಅರ್ಧ ದಾರಿ ಸಿಕ್ಕಿದಂತೆ.

ಪ್ರಶ್ನೆ: ಮೂವತ್ತು ವರ್ಷದಿಂದ ಬೀಡಿ ಸೇದುತ್ತೇನೆ. ಯಾವ ತೊಂದರೆಯೂ ಇಲ್ಲ. ವರ್ಷಕ್ಕೊಮ್ಮೆ ಕಫ ಪರೀಕ್ಷೆ ಮಾಡಿಸಿಕೊಂಡರೆ ಕ್ಯಾನ್ಸರ್ ಬೇಗ ಗೊತ್ತಾಗುತ್ತದೆಯೇ?
– ಓದುಗ, ಕುಶಾಲನಗರ

ಉತ್ತರ: ಇಲ್ಲ. ಇದನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಕೊಲರಾಡೊದಲ್ಲಿ ಜೀನೋ ಸಕ್ಕೊಮಾನೊ ಎಂಬ ಪೆಥಾಲಜಿಸ್ಟ್ ಯುರೇನಿಯಂ ಗಣಿ ಕಾರ್ಮಿಕರ ಕಫವನ್ನು ವರ್ಷಾನುಗಟ್ಟಲೆ ನೋಡಿದವರು. ಕಫವನ್ನು 50 ಶೇಕಡಾ ಆಲ್ಕೋಹಾಲ್ ಮತ್ತು ಕಾರ್ಬೋವ್ಯಾಕ್ಸ್ ದ್ರವದಲ್ಲಿ ಕೂಡಿಟ್ಟು, ಬ್ಲೆಂಡರಿನಲ್ಲಿ ಕಡೆದು, ಲೋಳೆಯಿಂದ ಕೋಶಗಳನ್ನು ಬಿಡಿಸುವ ವಿಧಾನವನ್ನು 1963ರಲ್ಲಿ ಪ್ರಕಟಿಸಿದರು. ಇಂದಿನ ಎಲ್‌ಬಿಸಿಯ ಹಿರಿಯಣ್ಣ ಎಂದು ನಾನು ಅದನ್ನು ಕರೆಯುತ್ತೇನೆ. ಆದರೂ 1970ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ದೊಡ್ಡ ಅಧ್ಯಯನಗಳಲ್ಲಿ ನಿಯಮಿತ ಕಫ ಪರೀಕ್ಷೆಯಿಂದ ಸಾವು ಕಡಿಮೆಯಾಗಲಿಲ್ಲ. ಸಾವನ್ನು ತಗ್ಗಿಸಿದ್ದು ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್. 2011ರಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಎಕ್ಸ್‌ರೇ ಗುಂಪಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು 20 ಶೇಕಡಾ ಇಳಿದಿತ್ತು. ನಮ್ಮಲ್ಲಿ ಹಳೆಯ ಟಿಬಿ ಕಲೆಗಳು ಸ್ಕ್ಯಾನ್‌ನಲ್ಲಿ ಗಲಿಬಿಲಿ ಮಾಡುತ್ತವೆ, ಹಾಗಾಗಿ ಎದೆರೋಗ ತಜ್ಞರ ಜೊತೆ ಕೂತು ಮಾತಾಡಿ ನಿರ್ಧರಿಸಿ. ಬೀಡಿಯನ್ನು ಇವತ್ತೇ ಬಿಡಿ, ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಅಕ್ಕನಿಗೆ 52 ವರ್ಷ, ಬೀಡಿ ಸಿಗರೇಟು ಮುಟ್ಟಿದವಳಲ್ಲ. ಶ್ವಾಸಕೋಶದಲ್ಲಿ ಗಡ್ಡೆ ಇದೆ, ಸಿಟಿ ನೋಡಿಕೊಂಡು ಸೂಜಿ ಹಾಕಬೇಕು ಎಂದಿದ್ದಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲಾ ಹರಡುತ್ತದೆ ಎಂದು ಊರಲ್ಲಿ ಹೆದರಿಸುತ್ತಿದ್ದಾರೆ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗುವುದಿಲ್ಲವೇ?
– ತಂಗಿ, ಗೋಣಿಕೊಪ್ಪ

ಉತ್ತರ: ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ತೀರಾ ಅಪರೂಪ. ಆ ಹೆದರಿಕೆಯಿಂದ ಪರೀಕ್ಷೆ ಮುಂದೂಡಿ ತಿಂಗಳು ಕಳೆದುಕೊಂಡವರಿಗೆ ಆಗುವ ನಷ್ಟ ಅಪರೂಪವಲ್ಲ. ನಿಜವಾಗಿ ಗಮನದಲ್ಲಿಡಬೇಕಾದದ್ದು ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ಸಾಧ್ಯತೆ. ಅದಕ್ಕೇ ಸೂಜಿ ಹಾಕಿದ ಮೇಲೆ ಕೆಲವು ಗಂಟೆ ಆಸ್ಪತ್ರೆಯಲ್ಲೇ ಉಳಿಸಿಕೊಂಡು ಎಕ್ಸ್‌ರೇ ತೆಗೆಯುತ್ತಾರೆ. ಅಕ್ಕ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಮನೆಗೆ ಬಂದ ಮೇಲೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ರಕ್ತದಲ್ಲಿ ತೇಲುವ ಕ್ಯಾನ್ಸರ್ ಡಿಎನ್‌ಎಯಲ್ಲಿ ಇಜಿಎಫ್‌ಆರ್ ಬದಲಾವಣೆ ಹುಡುಕುವ ಪರೀಕ್ಷೆ ಇದೆ, ಒಳ್ಳೆಯದೇ. ಸಿಕ್ಕರೆ ಉಪಯೋಗಕ್ಕೆ ಬರುತ್ತದೆ, ಸಿಗದಿದ್ದರೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಗಡ್ಡೆ ಕ್ಯಾನ್ಸರೋ ಟಿಬಿಯೋ, ಕ್ಯಾನ್ಸರಾದರೆ ಯಾವ ಜಾತಿಯದು ಎಂದು ಹೇಳಲು ಕೋಶಗಳನ್ನು ಕಣ್ಣಿಂದ ನೋಡಲೇಬೇಕು. ಸೇದದ ಹೆಂಗಸರಲ್ಲಿ ಮಾತ್ರೆಗೆ ಬಗ್ಗುವ ಬದಲಾವಣೆಗಳು ಸಿಗುವ ಸಂಭವ ಹೆಚ್ಚು, ಆದ್ದರಿಂದ ಅಕ್ಕನ ವಿಷಯದಲ್ಲಿ ಸಾಕಷ್ಟು ಕೋಶಗಳು ಸಿಗುವುದು ಇನ್ನೂ ಮುಖ್ಯ. ಸೂಜಿ ಹಾಕುವ ಹಿಂದಿನ ದಿನವೇ ವೈದ್ಯರನ್ನು ಕೇಳಿ: ‘ಸ್ಮಿಯರ್ ಮಾತ್ರ ಮಾಡುತ್ತೀರಾ, ಸೆಲ್ ಬ್ಲಾಕಿಗೂ ಇಡುತ್ತೀರಾ? ದಪ್ಪ ಸೂಜಿಯ ಬಯಾಪ್ಸಿಯನ್ನೂ ಒಟ್ಟಿಗೇ ತೆಗೆಯಬಹುದೇ? ಮಾದರಿ ಸಾಕೇ ಎಂದು ನೋಡಲು ಪೆಥಾಲಜಿಸ್ಟ್ ಕೋಣೆಯಲ್ಲಿ ಇರುತ್ತಾರೆಯೇ?’ ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರ ಮಾಡಿಕೊಳ್ಳುವುದಿಲ್ಲ. ಸ್ಮಿಯರ್ ಮುಗಿದ ಮೇಲೆ ಸೂಜಿಯೊಳಗೆ ಉಳಿದದ್ದನ್ನೂ ಲವಣದ ನೀರಿನಲ್ಲಿ ತೊಳೆದು ಬ್ಲಾಕಿಗೆ ಸೇರಿಸಲು ಹೇಳಿ. ವರದಿ ಬಂದ ಮೇಲೆ ಅರ್ಥವಾಗದ ಸಾಲು ಏನಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ಮುಂದಿನ ಸಂಚಿಕೆಗೆ ಕಾಯದೆ ಉತ್ತರ ಕಳಿಸುತ್ತೇನೆ.